ಅಪ್ಪನ ಹೆಗಲ ಮೇಲೆ ಕೂತಿದ್ದವರು ಯಾರು?

ಪ್ರಶ್ನೆ: ನನಗೆ ಈಗ 49 ವರ್ಷ. ಚಿಕ್ಕಮಗಳೂರು ಜಿಲ್ಲೆ, ಮೂಡಿಗೆರೆ ಕಡೆಯವನು. ನನ್ನ ಮೊಟ್ಟಮೊದಲ ನೆನಪು ಇಂದಿರಾ ಗಾಂಧಿಯವರನ್ನು ನೋಡಿದ್ದು. 1978ರ ಉಪಚುನಾವಣೆ ಪ್ರಚಾರಕ್ಕೆ ಅವರು ನಮ್ಮ ಕಡೆ ಬಂದಿದ್ದರು. ರಸ್ತೆ ಪಕ್ಕ ಜನವೋ ಜನ. ನಾನು ಕೆಂಪು ಸ್ವೆಟರ್ ಹಾಕಿಕೊಂಡು ಅಪ್ಪನ ಹೆಗಲ ಮೇಲೆ ಕೂತಿರುವುದು ಕಾಣುತ್ತದೆ. ತೆರೆದ ಜೀಪು, ಬಿಳಿ ಸೀರೆ, ತಲೆ ಮೇಲೆ ಸೆರಗು. ಅವರು ನನ್ನ ಕಡೆ ನೋಡಿ ಕೈ ಬೀಸಿದರು. ಪಕ್ಕದ ತೋಟದಿಂದ ಕಾಫಿ ಹೂವಿನ ವಾಸನೆ ಘಮ್ಮೆಂದು ಬರುತ್ತಿತ್ತು. ಹೋದ ತಿಂಗಳು ಅಪ್ಪನ ತಿಥಿಯ ದಿನ ಇದನ್ನು ಹೇಳಿದೆ. ಅಣ್ಣ ಎಲ್ಲರೆದುರು ನಕ್ಕುಬಿಟ್ಟ. ‘ಹೆಗಲ ಮೇಲೆ ಇದ್ದಿದ್ದು ನಾನು ಕಣೋ. ನೀನು ಜ್ವರ ಬಂದು ಅಜ್ಜಿ ಮನೇಲಿ ಮಲಗಿದ್ದೆ’ ಅಂದ. ಆಗ ಅವನಿಗೆ ಆರು ವರ್ಷ, ನನಗೆ ಎರಡು ವರ್ಷ ಎಂಟು ತಿಂಗಳು. ಅಮ್ಮನಿಗೆ ಈಗ 76. ಕೇಳಿದರೆ ಒಂದು ಸಲ ನನ್ನ ಹೆಸರು ಹೇಳುತ್ತಾರೆ, ಇನ್ನೊಂದು ಸಲ ಅಣ್ಣನ ಹೆಸರು. ಇಷ್ಟು ಸ್ಪಷ್ಟವಾಗಿರುವ ನೆನಪು ಸುಳ್ಳಾಗಲು ಸಾಧ್ಯವೇ? ಅಪ್ಪನ ಬಗ್ಗೆ ನನಗಿರುವ ಮೊದಲ ನೆನಪೇ ನನ್ನದಲ್ಲ ಅಂದರೆ ತುಂಬಾ ಸಂಕಟವಾಗುತ್ತದೆ. ನನಗೇನಾದರೂ ಮರೆವಿನ ಕಾಯಿಲೆ ಶುರುವಾಗಿದೆಯಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಆ ಭಯ ಇಟ್ಟುಕೊಂಡು ನೀವು ಮಿಕ್ಕಿದ್ದನ್ನು ಓದುವುದು ಬೇಡ. ನೀವು ಬರೆದಿರುವುದರಲ್ಲಿ ಮರೆವಿನ ಕಾಯಿಲೆಯ ಗುರುತು ಒಂದೂ ಇಲ್ಲ. ಆ ಕಾಯಿಲೆ ಸಾಮಾನ್ಯವಾಗಿ ಹೊಸ ನೆನಪುಗಳನ್ನು ಮೊದಲು ಹಿಡಿಯುತ್ತದೆ. ಬೆಳಗ್ಗೆ ತಿಂಡಿ ತಿಂದಿದ್ದು ಮರೆತುಹೋಗುತ್ತದೆ. ಹತ್ತು ನಿಮಿಷದ ಹಿಂದೆ ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ದಿನಾ ಓಡಾಡುವ ದಾರಿ ತಪ್ಪುತ್ತದೆ. ನಲವತ್ತೇಳು ವರ್ಷದ ಹಿಂದಿನ ಒಂದು ದಿನದ ಬಗ್ಗೆ ಅಣ್ಣ ತಮ್ಮ ಜಗಳವಾಡುವುದು ಬೇರೆ. ಅದು ಆರೋಗ್ಯವಾಗಿರುವವರಿಗೂ, ಅದರಲ್ಲೂ ಒಟ್ಟಿಗೆ ಬೆಳೆದವರಿಗೆ, ಆಗುವಂಥದ್ದು.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹಾಸನದಲ್ಲಿ ಇಪ್ಪತ್ತೈದು ವರ್ಷಕ್ಕೂ ಮೇಲೆ ಮನಶ್ಶಾಸ್ತ್ರ ಪಾಠ ಮಾಡಿದ್ದೇನೆ. ಅದರಲ್ಲಿ ನೆನಪು ನನಗೆ ತುಂಬಾ ಹತ್ತಿರದ ವಿಷಯ. ಆದರೆ ಅದಕ್ಕಿಂತ ಮುಂಚೆ ನಾನು ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಬೆಳೆದ ಹುಡುಗ. ನಿಮ್ಮ ಪತ್ರದ ಒಂದು ಸಾಲು ಆ ಹುಡುಗನನ್ನು ಹಿಡಿದು ನಿಲ್ಲಿಸಿತು. ಅದಕ್ಕೆ ಆಮೇಲೆ ಬರುತ್ತೇನೆ.

ಸ್ಪಷ್ಟವಾಗಿರುವ ನೆನಪು ತಪ್ಪಾಗಿರಲು ಸಾಧ್ಯವೇ ಎಂದು ಕೇಳಿದ್ದೀರಿ. ಸಾಧ್ಯ. ಇದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ ಒಬ್ಬ ದೊಡ್ಡ ಮನಶ್ಶಾಸ್ತ್ರಜ್ಞರದ್ದೇ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ. ಮಕ್ಕಳ ಬುದ್ಧಿ ಹೇಗೆ ಬೆಳೆಯುತ್ತದೆ ಎಂದು ಜಗತ್ತಿಗೆ ತೋರಿಸಿಕೊಟ್ಟವರು. ಅವರಿಗೂ ಎರಡು ವರ್ಷದ ಒಂದು ನೆನಪಿತ್ತು. ಪ್ಯಾರಿಸಿನ ದೊಡ್ಡ ಬೀದಿಯಲ್ಲಿ ಆಯಾ ಅವರನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಾಗ ಒಬ್ಬ ಮಗುವನ್ನು ಎತ್ತಿಕೊಂಡು ಹೋಗಲು ನೋಡುತ್ತಾನೆ. ಆಯಾ ಅಡ್ಡ ನಿಲ್ಲುತ್ತಾಳೆ. ಅವಳ ಮುಖದ ಮೇಲೆ ಪರಚಿದ ಗಾಯ. ಅಷ್ಟರಲ್ಲಿ ಕೈಯಲ್ಲಿ ಬಿಳಿ ಕೋಲು ಹಿಡಿದ ಪೊಲೀಸಿನವನು ಬರುತ್ತಾನೆ, ಕಳ್ಳ ಓಡಿಹೋಗುತ್ತಾನೆ. ಪಿಯಾಜೆಗೆ ಆ ಗಾಯ, ಆ ಕೋಲು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಇತ್ತು. ಅವರಿಗೆ ಸುಮಾರು ಹದಿನೈದು ವರ್ಷವಾದಾಗ ಆ ಆಯಾಳಿಂದ ಮನೆಗೆ ಒಂದು ಪತ್ರ ಬಂತು. ಅವತ್ತು ಹಾಗೇನೂ ನಡೆದಿರಲಿಲ್ಲ, ಕಥೆ ಕಟ್ಟಿದ್ದೆ, ಗಾಯವೂ ನಾನೇ ಮಾಡಿಕೊಂಡಿದ್ದು ಎಂದು ಒಪ್ಪಿಕೊಂಡಿದ್ದಳು. ಬಹುಮಾನವಾಗಿ ಕೊಟ್ಟಿದ್ದ ಗಡಿಯಾರವನ್ನೂ ವಾಪಸ್ ಕೊಟ್ಟಳು. ನಡೆಯದೇ ಇದ್ದ ಘಟನೆ ಪಿಯಾಜೆಗೆ ಹೇಗೆ ನೆನಪಿತ್ತು? ಅಪ್ಪ ಅಮ್ಮ ಆ ಕಥೆಯನ್ನು ನಿಜವೆಂದು ನಂಬಿ ಮನೆಯಲ್ಲಿ ಹೇಳುತ್ತಿದ್ದರು. ಮಗು ಕೇಳಿತು. ಕೇಳಿದ್ದು ಚಿತ್ರವಾಯಿತು. ಚಿತ್ರ ಕಂಡಿದ್ದಾಯಿತು.

ಪತ್ರ ಬಂದ ಮೇಲೆ ಆ ಚಿತ್ರ ಪಿಯಾಜೆಯ ತಲೆಯಿಂದ ಅಳಿಸಿಹೋಗಲಿಲ್ಲ. ನಿಮಗೂ ಅಷ್ಟೇ. ಅಣ್ಣ ಎಷ್ಟೇ ಸಾಕ್ಷಿ ತಂದರೂ ಆ ಜೀಪು ನಿಮಗೆ ಕಾಣುತ್ತಲೇ ಇರುತ್ತದೆ. ನಮ್ಮ ತಲೆಯಲ್ಲಿರುವ ಚಿತ್ರಕ್ಕೆ ಅದು ಎಲ್ಲಿಂದ ಬಂತು ಎನ್ನುವ ಚೀಟಿ ಬಹಳ ದಿನ ಅಂಟಿಕೊಂಡಿರುವುದಿಲ್ಲ. ಕಣ್ಣಾರೆ ಕಂಡಿದ್ದು, ಅಜ್ಜಿ ಹೇಳಿದ್ದು, ಪೇಪರಿನ ಫೋಟೋದಲ್ಲಿ ನೋಡಿದ್ದು, ಕನಸು, ಎಲ್ಲಾ ಒಂದೇ ಕಪಾಟಿಗೆ ಹೋಗುತ್ತವೆ. ಚೀಟಿ ಉದುರಿಹೋದ ಮೇಲೆ ಯಾವುದು ಎಲ್ಲಿಂದ ಬಂದಿದ್ದು ಎಂದು ನಾವು ಊಹೆ ಮಾಡುತ್ತೇವೆ. ಊಹೆ ಮಾಡುತ್ತಿದ್ದೇವೆ ಎನ್ನುವುದೇ ನಮಗೆ ಗೊತ್ತಾಗುವುದಿಲ್ಲ.

ಇನ್ನು ವಯಸ್ಸಿನ ಲೆಕ್ಕ. ದೊಡ್ಡವರನ್ನು ಮೊದಲ ನೆನಪು ಯಾವುದು ಎಂದು ಕೇಳಿದರೆ ಸರಾಸರಿ ಮೂರು, ಮೂರೂವರೆ ವರ್ಷದ ಹತ್ತಿರದ್ದನ್ನು ಹೇಳುತ್ತಾರೆ. ಅದಕ್ಕೆ ಮುಂಚಿನ ಕಾಲ ಹೆಚ್ಚುಕಡಿಮೆ ಖಾಲಿ. ಆಗ ಮಗುವಿಗೆ ನೆನಪೇ ಇರುವುದಿಲ್ಲ ಎಂದಲ್ಲ. ಎರಡು ವರ್ಷದ ಮಗು ಹೋದ ವಾರ ಜಾತ್ರೆಯಲ್ಲಿ ಆನೆ ನೋಡಿದ್ದನ್ನು ಹೇಳುತ್ತದೆ. ಆದರೆ ಆ ನೆನಪು ದೊಡ್ಡವರಾಗುವ ತನಕ ಉಳಿಯುವುದಿಲ್ಲ. ಮೆದುಳಿನಲ್ಲಿ ಹಿಪೊಕ್ಯಾಂಪಸ್ ಎನ್ನುವ ಭಾಗ ಒಂದು ಘಟನೆಯ ಚೂರುಗಳನ್ನೆಲ್ಲ ಕಟ್ಟಿಡುತ್ತದೆ. ಆ ವಯಸ್ಸಿನಲ್ಲಿ ಅದು ಇನ್ನೂ ಬಲಿಯುತ್ತಿರುತ್ತದೆ. ‘ಇದು ನಡೆಯಿತು, ಆಮೇಲೆ ಅದು ನಡೆಯಿತು’ ಎಂದು ಜೋಡಿಸಿ ಹೇಳುವ ಮಾತೂ ಸಾಲದು.

ಹಾಗಂತ ನಿಮ್ಮ ಎರಡು ವರ್ಷ ಎಂಟು ತಿಂಗಳನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ನ್ಯೂಜಿಲೆಂಡಿನಲ್ಲಿ ಒಂದು ಅಧ್ಯಯನ ನಡೆಯಿತು, 2000ದಲ್ಲಿ ಪ್ರಕಟವಾಯಿತು. ಅಲ್ಲಿನ ಮಾವೋರಿ ಜನರ ಮೊದಲ ನೆನಪು ಸರಾಸರಿ ಎರಡು ವರ್ಷ ಎಂಟು ತಿಂಗಳ ಆಸುಪಾಸಿನದು, ಬೇರೆಯವರಿಗಿಂತ ಮುಂಚಿನದು. ಮಾವೋರಿ ಮನೆಗಳಲ್ಲಿ ಹಳೆಯದನ್ನು ಹೇಳುವುದು, ಕೇಳುವುದು ಜಾಸ್ತಿ. ಮಕ್ಕಳ ಜೊತೆ ಹಿಂದಿನದನ್ನು ಮಾತಾಡಿದಷ್ಟೂ ಅವರ ನೆನಪು ಬೇಗ ಬೇರು ಬಿಡುತ್ತದೆ ಎನ್ನುವುದು ಸಂಶೋಧಕರ ವಿವರಣೆ. ಮಲೆನಾಡಿನ ಮನೆಗಳೂ ಹಾಗೇ ಅಲ್ವಾ? ಮಳೆಗಾಲದಲ್ಲಿ ಕರೆಂಟ್ ಹೋದರೆ ಒಲೆ ಮುಂದೆ ಕೂತು ಮಾತಾಡುವುದು ಬಿಟ್ಟು ಬೇರೇನಿತ್ತು? ಹಾಗೆಯೇ, ತಮ್ಮನೋ ತಂಗಿಯೋ ಹುಟ್ಟಿದ್ದು, ಆಸ್ಪತ್ರೆಯಲ್ಲಿ ಮಲಗಿದ್ದು, ಇಂಥ ದೊಡ್ಡ ಘಟನೆಗಳು ಎರಡು ವರ್ಷದ ಮಗುವಿಗೂ ಉಳಿಯಬಹುದು ಎಂದು 1993ರ ಒಂದು ಅಧ್ಯಯನ ತೋರಿಸಿತು.

ಆದ್ದರಿಂದ ವಯಸ್ಸೊಂದನ್ನೇ ಇಟ್ಟುಕೊಂಡು ನಿಮ್ಮ ನೆನಪನ್ನು ಸುಳ್ಳು ಅನ್ನಲಾಗದು. ಆದರೆ ಬೇರೆ ಕಾರಣಕ್ಕೆ ನನಗೆ ಅನುಮಾನ. ಅಷ್ಟು ಚಿಕ್ಕ ವಯಸ್ಸಿನ ನಿಜವಾದ ನೆನಪು ಸಾಮಾನ್ಯವಾಗಿ ಒಂದು ಚೂರು. ಒಂದು ಬಾಗಿಲು, ಒಂದು ಬಣ್ಣ, ಯಾರದೋ ಕೈ. ಅದಕ್ಕೆ ಹಿಂದೆ ಮುಂದೆ ಇರುವುದಿಲ್ಲ. ನಿಮ್ಮದು ಪೂರ್ತಿ ಕಥೆ. ಜನ, ಜೀಪು, ಅದರೊಳಗೆ ಯಾರು, ಯಾಕೆ ಬಂದರು, ಎಲ್ಲ ಇದೆ. ‘ಅವರು ಇಂದಿರಾ ಗಾಂಧಿ’ ಎನ್ನುವುದು ಆ ವಯಸ್ಸಿನ ಮಗುವಿಗೆ ಗೊತ್ತಿರಲು ಸಾಧ್ಯವಿಲ್ಲ. ಕೊನೇಪಕ್ಷ ಆ ಹೆಸರು ಆಮೇಲೆ ಬಂದು ಸೇರಿದ್ದು.

ಬಂದು ಸೇರಲು ದಾರಿ ಬೇಕಾದಷ್ಟಿತ್ತು. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿ 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ನಿಂತರು. ಡಿ.ಬಿ. ಚಂದ್ರೇಗೌಡರು ಅವರಿಗಾಗಿ ಜಾಗ ಬಿಟ್ಟುಕೊಟ್ಟಿದ್ದರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಇಂದಿರಾ ಎಪ್ಪತ್ತು ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದರು. ಅಲ್ಲಿಯ ತನಕ ಕಾಫಿಗೆ ಹೆಸರಾಗಿದ್ದ ಊರು ಇಡೀ ದೇಶದ ಪೇಪರಿನಲ್ಲಿ ಬಂತು. ನಿಮ್ಮ ಜಿಲ್ಲೆಯಲ್ಲಿ ಆ ಚುನಾವಣೆಯ ಒಂದು ಕಥೆ ಇಲ್ಲದ ಮನೆ ಕಡಿಮೆ. ‘ನಮ್ಮ ಜಗಲಿ ಮುಂದೆಯೇ ಹೋದರು’, ‘ನನ್ನ ಕೈ ಹಿಡಿದು ಮಾತಾಡಿಸಿದರು’ ಎಂದು ಹಿರಿಯರು ಇವತ್ತಿಗೂ ಹೇಳುತ್ತಾರೆ. ನಿಮ್ಮ ಮನೆಯಲ್ಲೂ ‘ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದರು’ ಎನ್ನುವ ಮಾತು ನೂರು ಸಲ ಬಂದಿರಬೇಕು. ಹಾಗೆ ಹೇಳುವಾಗ ಯಾರನ್ನು ಕೂರಿಸಿಕೊಂಡಿದ್ದು ಎನ್ನುವುದನ್ನು ಪ್ರತಿ ಸಲ ಬಿಡಿಸಿ ಹೇಳುತ್ತಿದ್ದರಾ? ಕೇಳುತ್ತಾ ಕೂತ ಪುಟ್ಟ ಹುಡುಗ ಆ ಹೆಗಲ ಮೇಲೆ ತನ್ನನ್ನೇ ಕೂರಿಸಿಕೊಳ್ಳುವುದು ಸಹಜ.

ಒಂದೇ ನೆನಪಿಗೆ ಇಬ್ಬರು ಹಕ್ಕುದಾರರು ಇರುವುದನ್ನು ಸಂಶೋಧಕರೂ ಗಮನಿಸಿದ್ದಾರೆ. 2001ರಲ್ಲಿ ಮರ್ಸಿಡಿಸ್ ಶೀನ್, ಸೈಮನ್ ಕೆಂಪ್ ಮತ್ತು ಡೇವಿಡ್ ರುಬಿನ್ ಅವಳಿಗಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಸೈಕಲ್ಲಿನಿಂದ ಬಿದ್ದಿದ್ದು ನಾನು, ಓಟದ ಸ್ಪರ್ಧೆಯಲ್ಲಿ ಓಡಿದ್ದು ನಾನು ಎಂದು ಇಬ್ಬರೂ ಹೇಳುವಂಥ ನೆನಪುಗಳು ಎಷ್ಟೋ ಜೋಡಿಗಳಲ್ಲಿ ಸಿಕ್ಕವು. ಅವಳಿಗಳಲ್ಲದ ಅಣ್ಣತಮ್ಮಂದಿರಲ್ಲಿ, ಒಟ್ಟಿಗೆ ಬೆಳೆದ ಗೆಳೆಯರಲ್ಲಿ ಕೂಡ ಸಿಕ್ಕವು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಇನ್ನೂ ಆಶ್ಚರ್ಯವೆಂದರೆ, ಜಗಳ ಇದ್ದ ನೆನಪುಗಳು ಜಗಳ ಇಲ್ಲದವುಗಳಿಗಿಂತ ಮಂಕಾಗಿರಲಿಲ್ಲ. ಹೆಚ್ಚು ಸ್ಪಷ್ಟವಾಗಿದ್ದವು.

ಈಗ ನಿಮ್ಮ ಅಣ್ಣನ ಮಾತು. ಅವರಿಗೂ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಆರು ವರ್ಷಕ್ಕೆ ನೆನಪು ಗಟ್ಟಿಯಾಗಿರುತ್ತದೆ, ಆದ್ದರಿಂದ ‘ನಾನು ಅಲ್ಲಿದ್ದೆ’ ಎನ್ನುವುದನ್ನು ನಂಬಬಹುದು. ಆದರೆ ‘ನೀನು ಇರಲಿಲ್ಲ’ ಎನ್ನುವುದು ಬೇರೆ ಥರದ ಮಾತು. ಇದ್ದವರನ್ನು ನಾವು ನೋಡುತ್ತೇವೆ. ಇಲ್ಲದವರನ್ನು ನೋಡುವುದಿಲ್ಲ, ಆಮೇಲೆ ಲೆಕ್ಕ ಹಾಕುತ್ತೇವೆ. ಅಪ್ಪನ ಹೆಗಲು ಸಿಕ್ಕ ಖುಷಿಯಲ್ಲಿದ್ದ ಆರು ವರ್ಷದ ಹುಡುಗ, ತಮ್ಮ ಅಮ್ಮನ ಕಂಕುಳಲ್ಲಿದ್ದನೋ ಅಜ್ಜಿ ಮನೆಯಲ್ಲಿದ್ದನೋ ಎಂದು ಗಮನಿಸಿರುತ್ತಾನಾ? ನಿಮ್ಮ ಜ್ವರ ಆ ವಾರದ್ದೋ, ಆ ವರ್ಷದ ಬೇರೆ ಯಾವುದೋ ವಾರದ್ದೋ? ಅಂತೂ ನೀವು ನಕ್ಕು ಸೋಲುವಂಥ ಸಾಕ್ಷಿ ಅವರ ಹತ್ತಿರವೂ ಇಲ್ಲ.

ಧೈರ್ಯವಾಗಿ ಹೇಳುವ ನೆನಪು ಸರಿಯೇ ಇರಬೇಕಿಲ್ಲ ಎನ್ನುವುದಕ್ಕೆ ನನ್ನದೇ ಒಂದು ಅನುಭವ ಇದೆ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆಯ ಸುದ್ದಿಯನ್ನು ನಾನು ಕೇಳಿದ್ದು ಹಾಸನದ ಬಸ್ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ. ರೇಡಿಯೋ ಸದ್ದು, ಎದುರಿಗೆ ಕೂತಿದ್ದ ಗೆಳೆಯ, ಅರ್ಧ ಕುಡಿದು ಬಿಟ್ಟ ಕಾಫಿ. ಮೂವತ್ತು ವರ್ಷ ತರಗತಿಯಲ್ಲಿ, ಮನೆಯಲ್ಲಿ ಹಾಗೇ ಹೇಳುತ್ತಾ ಬಂದೆ. ಆಮೇಲೆ ನಮ್ಮ ತಂದೆಯವರ ಹಳೆಯ ಲೆಕ್ಕದ ಪುಸ್ತಕ ಕೈಗೆ ಸಿಕ್ಕಿತು. ಆ ತಾರೀಖಿನಲ್ಲಿ ನಾನು ಊರಲ್ಲೇ ಇದ್ದೆ. ನನ್ನ ಕೈಯಲ್ಲಿ ತರಿಸಿದ ಗೊಬ್ಬರದ ಚೀಲದ ಲೆಕ್ಕ ಅವರ ಅಕ್ಷರದಲ್ಲೇ ಬರೆದಿತ್ತು. ಆ ಹೋಟೆಲು ನಿಜ, ಆ ಗೆಳೆಯ ನಿಜ, ಕಾಫಿ ಬಿಟ್ಟು ಎದ್ದಿದ್ದೂ ನಿಜವಿರಬಹುದು. ಬೇರೆ ಯಾವುದೋ ಸಂಜೆ. ಅದನ್ನು ಓದಿದ ದಿನ ನನಗೂ ನಿಮ್ಮ ಹಾಗೇ ಕಾಲ ಕೆಳಗಿನ ನೆಲ ಸ್ವಲ್ಪ ಅಲುಗಾಡಿತು. ಅದಕ್ಕೇ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ.

ಉಲ್ರಿಕ್ ನೈಸರ್ ಎನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ಸರಿಯಾಗಿ ಅಳೆದು ನೋಡಿದರು. 1986ರ ಜನವರಿ 28ರಂದು ಚಾಲೆಂಜರ್ ಗಗನನೌಕೆ ಹಾರಿದ ಒಂದು ನಿಮಿಷ ಚಿಲ್ಲರೆಗೆ ಸಿಡಿದುಹೋಯಿತು. ಏಳು ಜನ ಸತ್ತರು. ಮರುದಿನ ಬೆಳಗ್ಗೆಯೇ ನೈಸರ್ ಮತ್ತು ಅವರ ಜೊತೆಗಾರ್ತಿ ನಿಕೋಲ್ ಹಾರ್ಶ್ ಕಾಲೇಜು ವಿದ್ಯಾರ್ಥಿಗಳಿಂದ ಬರೆಸಿಕೊಂಡರು: ಸುದ್ದಿ ಎಲ್ಲಿ ಕೇಳಿದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ. ಸುಮಾರು ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಜನರನ್ನು ಮತ್ತೆ ಕೇಳಿದರು. ನಾಲ್ವರಲ್ಲಿ ಒಬ್ಬರ ಉತ್ತರ ಮುಖ್ಯ ವಿಷಯಗಳಲ್ಲಿ ಪೂರ್ತಿ ತಪ್ಪಾಗಿತ್ತು. ಹಾಗೆ ತಪ್ಪಿದವರಲ್ಲೂ ಎಷ್ಟೋ ಜನರಿಗೆ ತಮ್ಮ ನೆನಪಿನ ಮೇಲೆ ಪೂರ್ತಿ ಭರವಸೆ ಇತ್ತು. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ವಾಪಸ್ ಬರಲಿಲ್ಲ.

ನೈಸರ್ ಈ ದಾರಿ ಹಿಡಿದಿದ್ದರ ಹಿಂದೆ ಅವರದೇ ಒಂದು ನೆನಪಿತ್ತು. ಆ ನೆನಪೇ ನನ್ನನ್ನು ನಿಮ್ಮ ಪತ್ರದ ಆ ಸಾಲಿಗೆ ಕರೆದುಕೊಂಡು ಹೋಗುತ್ತದೆ. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಹುಡುಗನಾಗಿದ್ದ ನೈಸರ್ ಮನೆಯಲ್ಲಿ ರೇಡಿಯೋದಲ್ಲಿ ಬೇಸ್‌ಬಾಲ್ ಪಂದ್ಯದ ವಿವರಣೆ ಕೇಳುತ್ತಿದ್ದರು, ಅದನ್ನು ನಿಲ್ಲಿಸಿ ಸುದ್ದಿ ಹೇಳಿದರು ಎಂದು ಅವರ ನೆನಪು. ಎಷ್ಟೋ ವರ್ಷ ಹಾಗೇ ನಂಬಿದ್ದರು. ಒಂದು ದಿನ ಹೊಳೆಯಿತು, ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಬೇಸ್‌ಬಾಲ್ ಆಡುವುದೇ ಇಲ್ಲ! ಆಟದ ಕಾಲ ಆ ಹೊತ್ತಿಗೆ ಮುಗಿದಿರುತ್ತದೆ. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಬೇರೆ ಸಂಶೋಧಕರು ಹುಡುಕಿದಾಗ ಆ ದಿನ ನ್ಯೂಯಾರ್ಕಿನಲ್ಲಿ ಒಂದು ಫುಟ್‌ಬಾಲ್ ಪಂದ್ಯ ರೇಡಿಯೋದಲ್ಲಿ ಬರುತ್ತಿದ್ದುದು ಗೊತ್ತಾಯಿತು. ಆಡುತ್ತಿದ್ದ ತಂಡಗಳ ಹೆಸರು ಜೈಂಟ್ಸ್ ಮತ್ತು ಡಾಡ್ಜರ್ಸ್. ಅದೇ ಹೆಸರಿನ ಬೇಸ್‌ಬಾಲ್ ತಂಡಗಳೂ ಇದ್ದವು. ನೆನಪು ತಪ್ಪಿದ್ದು ನಿಜ. ಆದರೆ ಆ ತಪ್ಪಿನ ಕೆಳಗೆ ಒಂದು ನಿಜ ಕೂತಿತ್ತು.

ನಿಮ್ಮ ಪತ್ರದಲ್ಲೂ ಅಂಥದ್ದೇ ಒಂದಿದೆ. ಕಾಫಿ ಹೂವಿನ ವಾಸನೆ.

ಉಪಚುನಾವಣೆ ನಡೆದಿದ್ದು ನವೆಂಬರಿನಲ್ಲಿ. ನವೆಂಬರಿನಲ್ಲಿ ನಮ್ಮ ಕಡೆ ಕಾಫಿ ಹೂ ಬಿಡುವುದಿಲ್ಲ ಎನ್ನುವುದು ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ಅದು ಅರೇಬಿಕಾ ಹಣ್ಣು ಕುಯ್ಲು ಶುರುವಾಗುವ ಕಾಲ. ಆಗ ತೋಟದ ಕಡೆಯಿಂದ ವಾಸನೆ ಬಂದರೂ ಅದು ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಯ ಹುಳಿ ವಾಸನೆ. ಹೂವು ಬರುವುದು ಹೂಮಳೆ ಬಿದ್ದ ಮೇಲೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ, ಒಂದು ಒಳ್ಳೆ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡವೆಲ್ಲ ಬಿಳಿ. ಎರಡು ಮೂರು ದಿನ ಊರಿಗೇ ಮಲ್ಲಿಗೆ ಮುಡಿಸಿದ ಹಾಗೆ. ಅಕಾಲದಲ್ಲಿ ಮಳೆ ಬಂದು ಅಲ್ಲೊಂದು ಇಲ್ಲೊಂದು ಗಿಡ ಹೂ ಬಿಡಬಹುದು. ರಸ್ತೆ ತನಕ ಘಮ್ಮೆನ್ನುವ ಹೂವು ಮಾತ್ರ ಬೇಸಿಗೆಯದೇ.

ಅಂದರೆ ಆ ವಾಸನೆ ಇಂದಿರಾ ಗಾಂಧಿ ಬಂದ ದಿನದ್ದಲ್ಲ. ಇದನ್ನು ಅಣ್ಣನಿಗೆ ಹೇಳಿದರೆ ಅವರು ಗೆದ್ದೆ ಅನ್ನಬಹುದು. ನನಗೆ ಅನಿಸುವುದೇ ಬೇರೆ. ಆ ದಿನದ ಬಗ್ಗೆ ಮನೆಯಲ್ಲಿ ಹೇಳಿದ ಕಥೆಗಳಲ್ಲಿ ಕಾಫಿ ಹೂವು ಇರಲು ಸಾಧ್ಯವೇ ಇಲ್ಲ. ನವೆಂಬರಿನ ಕಥೆಯಲ್ಲಿ ನಿಮ್ಮ ಅಪ್ಪನಾಗಲಿ ಅಮ್ಮನಾಗಲಿ ಹೂವು ತರುತ್ತಿರಲಿಲ್ಲ. ಪೇಪರಿನ ಫೋಟೋಗೆ ವಾಸನೆ ಇರುವುದಿಲ್ಲ. ಬಿಳಿ ಸೀರೆ, ಸೆರಗು, ಬೀಸುವ ಕೈ, ಇವು ದೇಶದಲ್ಲಿ ಎಲ್ಲರೂ ಫೋಟೋದಲ್ಲಿ ನೋಡಿದಂಥವು. ಕೆಂಪು ಸ್ವೆಟರ್ ಹಾಕಿಕೊಂಡ ನೀವು ನಿಮಗೇ ಹೊರಗಿನಿಂದ ಕಾಣುತ್ತೀರಿ. ಹಳೆಯ ನೆನಪುಗಳಲ್ಲಿ ಹಾಗಾಗುವುದು ಸಾಮಾನ್ಯ. ಆದರೂ ಮನೆಯ ಆಲ್ಬಮ್ಮಿನಲ್ಲಿ ಆ ಸ್ವೆಟರಿನ ಒಂದು ಫೋಟೋ ಇದೆಯಾ ಎಂದು ಒಮ್ಮೆ ನೋಡಿ. ಉಳಿದಿದ್ದು ಎರಡು: ಅಪ್ಪನ ಹೆಗಲು, ಹೂವಿನ ವಾಸನೆ. ವಾಸನೆಯನ್ನು ಯಾರೂ ನಿಮಗೆ ಹೇಳಿ ಕೊಟ್ಟಿರಲಾರರು. ಅದನ್ನು ನೀವೇ ಉಸಿರಾಡಿದ್ದು. ಯಾವುದೋ ಮಾರ್ಚ್ ತಿಂಗಳಲ್ಲಿ, ಯಾವುದೋ ತೋಟದ ದಾರಿಯಲ್ಲಿ, ಯಾರೂ ಭಾಷಣ ಮಾಡದ ಒಂದು ಮಾಮೂಲಿ ದಿನ, ನೀವು ಅಪ್ಪನ ಹೆಗಲ ಮೇಲೆ ಇದ್ದಿರಿ ಎಂದು ನನಗೆ ಬಲವಾಗಿ ಅನಿಸುತ್ತದೆ. ಆಮೇಲೆ ಇಂದಿರಾ ಗಾಂಧಿಯ ಕಥೆ ಬಂದು ಆ ಹೆಗಲಿಗೆ ಅಂಟಿಕೊಂಡಿತು. ಇದನ್ನು ಸಾಬೀತು ಮಾಡಲು ನನ್ನ ಕೈಲಿ ಆಗದು. ಆದರೆ ವಾಸನೆಯಿಂದ ಏಳುವ ನೆನಪುಗಳು ಹೆಚ್ಚಾಗಿ ಬದುಕಿನ ಮೊದಲ ಹತ್ತು ವರ್ಷದವು ಎನ್ನುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಎರಡು ದಿನ ಹೀಗೆ ಬೆಸೆದುಕೊಳ್ಳುವುದಕ್ಕೆ ಒಂದು ಸರಳ ಕಾರಣ, ನಮಗೆ ‘ಏನು’ ಉಳಿಯುತ್ತದೆ, ‘ಯಾವಾಗ’ ಉಳಿಯುವುದಿಲ್ಲ. ಹಾಲೆಂಡಿನ ವಿಲೆಮ್ ವಾಗೆನಾರ್ ಆರು ವರ್ಷ ತಮ್ಮ ಬದುಕಿನ ಘಟನೆಗಳನ್ನು ಬರೆದಿಟ್ಟು, ಆಮೇಲೆ ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಂಡರು. ಒಟ್ಟು ಸುಮಾರು 2,400 ಘಟನೆಗಳು. ಏನಾಯಿತು ಎನ್ನುವ ಸುಳಿವು ಕೊಟ್ಟರೆ ಮಿಕ್ಕಿದ್ದು ನೆನಪಾಗುತ್ತಿತ್ತು. ತಾರೀಖು ಕೊಟ್ಟರೆ ಹೆಚ್ಚುಕಡಿಮೆ ಏನೂ ಬರುತ್ತಿರಲಿಲ್ಲ. ನಮ್ಮ ಹಾಸನದಲ್ಲಿ ಪ್ರತಿವರ್ಷ ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆಗೆಯುತ್ತಾರೆ. ಸಾಲಿನಲ್ಲಿ ನಿಂತು ಕಾಲು ನೋಯಿಸಿಕೊಂಡವರನ್ನು ‘ಮಳೆಯಲ್ಲಿ ನೆನೆದಿದ್ದು ಯಾವ ವರ್ಷ’ ಎಂದು ಕೇಳಿ ನೋಡಿ. ಎಲ್ಲಾ ವರ್ಷಗಳೂ ಸೇರಿ ಒಂದೇ ಸಾಲಾಗಿರುತ್ತವೆ. ಅದಕ್ಕೇ ಗೊರೂರಿನ ಕಡೆ ಹಿರಿಯರು ಮದುವೆ, ಸಾವು, ಹುಟ್ಟು ಎಲ್ಲವನ್ನೂ ‘ಡ್ಯಾಂ ಆಗೋಕೆ ಮುಂಚೆ’, ‘ಡ್ಯಾಂ ಆದಮೇಲೆ’ ಎಂದು ಎರಡು ಗುಂಪು ಮಾಡಿ ಹೇಳುತ್ತಾರೆ. ಬಹಳ ಒಳ್ಳೆಯ ಪದ್ಧತಿ. ಗಟ್ಟಿಯಾದ ಒಂದು ಗೂಟ ಸಿಕ್ಕಿದರೆ ನೆನಪನ್ನು ಅದಕ್ಕೆ ಕಟ್ಟಬಹುದು. ನಿಮ್ಮ ಮನೆಗೆ ಇಂದಿರಾ ಗಾಂಧಿ ಬಂದಿದ್ದು ಅಂಥ ಗೂಟ. ಪಕ್ಕದಲ್ಲಿದ್ದ ಬೇರೆ ನೆನಪುಗಳೂ ಬಂದು ಅದಕ್ಕೇ ಸುತ್ತಿಕೊಂಡಿವೆ.

ಇನ್ನು ಏನು ಮಾಡುವುದು? ಮೊದಲಿಗೆ, ಅಣ್ಣನ ಜೊತೆ ಈ ವಿಷಯ ಮತ್ತೆ ಎತ್ತುವ ಮುಂಚೆ ನಿಮಗೆ ನೆನಪಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಅವರಿಗೂ ಬೇರೆ ಕೂತು ಬರೆಯಲು ಹೇಳಿ. ನೆನಪು ನಿನ್ನೆಯ ಬಸ್ಸಾರಿನ ಹಾಗೆ. ತೆಗೆದು ಬಿಸಿ ಮಾಡಿದಾಗಲೆಲ್ಲ ಒಂದು ಚೂರು ಉಪ್ಪು, ಒಂದು ಒಗ್ಗರಣೆ ಸೇರುತ್ತದೆ. ಮತ್ತೆ ಮುಚ್ಚಿಡುವಾಗ ಅದು ನಿನ್ನೆಯ ಸಾರಲ್ಲ. ಗಟ್ಟಿಯಾಗಿದ್ದ ನೆನಪು ಹೊರಗೆ ತೆಗೆದಾಗ ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ, ಅದನ್ನು ಮತ್ತೆ ಗಟ್ಟಿ ಮಾಡಿ ಇಡಬೇಕಾಗುತ್ತದೆ ಎಂದು 2000ದಲ್ಲಿ ಕರೀಮ್ ನಾದೆರ್ ಮತ್ತು ಜೊತೆಗಾರರು ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ನೀವಿಬ್ಬರೂ ಎದುರುಬದುರು ಕೂತು ವಾದ ಮಾಡಿದಷ್ಟೂ ಒಬ್ಬರ ಒಗ್ಗರಣೆ ಇನ್ನೊಬ್ಬರ ಪಾತ್ರೆಗೆ ಬೀಳುತ್ತದೆ.

ಅಮ್ಮನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನೀವು ಇಲ್ಲಿಯ ತನಕ ಅವರನ್ನು ಹೇಗೆ ಕೇಳಿದ್ದೀರಿ ಎಂದು ನಾನು ಊಹಿಸಬಲ್ಲೆ. ‘ಅಮ್ಮಾ, ಅವತ್ತು ಹೆಗಲ ಮೇಲೆ ಇದ್ದಿದ್ದು ನಾನೇ ಅಲ್ವಾ?’ ಅಣ್ಣನೂ ಹಾಗೇ ಕೇಳಿರುತ್ತಾರೆ. ಅಮ್ಮ ಇಬ್ಬರಿಗೂ ಹೌದು ಅಂದಿದ್ದಾರೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಸಿನಿಮಾ ತುಣುಕುಗಳನ್ನು ತೋರಿಸಿ ವೇಗ ಎಷ್ಟಿತ್ತು ಎಂದು ಕೇಳಿದರು. ಕಾರುಗಳು ‘ಅಪ್ಪಳಿಸಿದಾಗ’ ಎಂದು ಕೇಳಿದವರಿಗೆ ಸಿಕ್ಕ ಉತ್ತರ ಸರಾಸರಿ ಗಂಟೆಗೆ 40 ಮೈಲಿಗೂ ಜಾಸ್ತಿ. ‘ತಾಗಿದಾಗ’ ಎಂದು ಕೇಳಿದಾಗ 32ರ ಹತ್ತಿರ. ಎಲ್ಲರೂ ನೋಡಿದ್ದು ಅವೇ ತುಣುಕುಗಳನ್ನು, ಬದಲಾಗಿದ್ದು ಒಂದು ಕ್ರಿಯಾಪದ. ಒಂದು ಪದಕ್ಕೇ ಇಷ್ಟಾದರೆ, ಮಗ ಕಣ್ಣಲ್ಲಿ ಆಸೆ ಇಟ್ಟುಕೊಂಡು ಕೇಳುವ ಪ್ರಶ್ನೆಗೆ ತಾಯಿ ಏನು ಹೇಳಿಯಾರು? ಅವರು ಎರಡು ಥರ ಹೇಳಿದ್ದನ್ನು ಮರೆವು ಎಂದು ತಿಳಿಯಬೇಡಿ. ಮೊದಲು ಹೇಳಿದಂಥ ಲಕ್ಷಣ, ದಾರಿ ತಪ್ಪುವುದು, ಕೇಳಿದ್ದನ್ನೇ ಕೇಳುವುದು, ಒಲೆ ಮೇಲಿಟ್ಟಿದ್ದು ಮರೆಯುವುದು, ಇವು ಹೆಚ್ಚುತ್ತಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.

ಇದರಲ್ಲಿ ನನಗೆ ಬೇಜಾರಾದ ಒಂದು ಮಾತಿದೆ, ಹೇಳಲೇಬೇಕು. ಅಣ್ಣ ತಮ್ಮ ಇಬ್ಬರೂ ಆ ಹೆಗಲ ಮೇಲೆ ಯಾರು ಎಂದು ಜಗಳ ಆಡಿದ್ದೀರಿ. ಅಪ್ಪನ ಪಕ್ಕ ನಿಂತಿದ್ದ ಹೆಂಗಸನ್ನು ಅವತ್ತು ನೀವೇನು ನೋಡಿದಿರಿ ಎಂದು ಕೇಳಿದ ಹಾಗೆ ಪತ್ರದಲ್ಲಿ ಕಾಣಲಿಲ್ಲ. ಅಮ್ಮನಿಗೆ ಆಗ 29 ವರ್ಷ. ವಯಸ್ಸಾದವರನ್ನು ಬದುಕಿನ ನೆನಪು ಕೇಳಿದರೆ ಹತ್ತರಿಂದ ಮೂವತ್ತು ವರ್ಷದ ನಡುವಿನವು ರಾಶಿಯಾಗಿ ಬರುತ್ತವೆ, ತೀರಾ ಇತ್ತೀಚಿನದನ್ನು ಬಿಟ್ಟರೆ ಬೇರೆ ಯಾವ ಕಾಲದ್ದೂ ಅಷ್ಟು ಬರುವುದಿಲ್ಲ. ನಿಮ್ಮ ಮನೆಯಲ್ಲಿ ಆ ದಿನವನ್ನು ದೊಡ್ಡವರ ಕಣ್ಣಿನಿಂದ ನೋಡಿ ಈಗಲೂ ಹೇಳಬಲ್ಲವರು ಅವರೊಬ್ಬರೇ.

ಒಂದು ಮಧ್ಯಾಹ್ನ, ಊಟ ಮುಗಿದು ಅವರು ಅಡಿಕೆ ಸುಲಿಯುತ್ತಲೋ ಸುಮ್ನೆ ಜಗಲಿಯಲ್ಲೋ ಕೂತಿರುವಾಗ ಹೋಗಿ ಕೂರಿ. ಒಬ್ಬರೇ ಹೋಗಿ, ಅಣ್ಣ ಬೇಡ. ಇಂದಿರಾ ಗಾಂಧಿ ಹೆಸರು ಎತ್ತಬೇಡಿ. ಹೆಗಲಿನ ಮಾತೂ ಬೇಡ. ಆಗ ನಮ್ಮ ಮನೆ ಹೇಗಿತ್ತು, ಬೆಳಗ್ಗೆಯಿಂದ ಸಂಜೆ ತನಕ ಏನು ಮಾಡುತ್ತಿದ್ದಿರಿ ಎಂದು ಕೇಳಿ. ತಪ್ಪು ಹೇಳಿದರು ಅನಿಸಿದರೂ ತಿದ್ದಬೇಡಿ. ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಗುವುದಾದರೆ ಇದನ್ನು ಮಾರ್ಚ್ ತನಕ ತಡೆದು, ಹೂಮಳೆ ಬಿದ್ದು ತೋಟ ಬಿಳಿಯಾದ ವಾರ ಮಾಡಿ, ಕಿಟಕಿ ತೆರೆದಿಟ್ಟು. ಹೂವಿನ ಕಾಲದಲ್ಲಿ ನಮ್ಮ ಮನೆಯಲ್ಲಿ ಏನೇನು ನಡೀತಿತ್ತು ಅಮ್ಮಾ ಎಂದು ಅಷ್ಟೇ ಕೇಳಿ. ಆಮೇಲೆ ಅವರು ಎಷ್ಟು ಹೊತ್ತು ಸುಮ್ಮನಿದ್ದರೂ ನೀವು ಮಾತಾಡಬೇಡಿ.